ಮಬ್ಬುನಾದ ಮೀಮಾಂಸೆ

ಕೇಳತೊಡಗಿದವನು ನಡುವೆ ಎದ್ದುಹೋಗಿ ಕೋಣೆಯ ದೀಪ ಆರಿಸಿ ಬರುವಂತೆ ಮಾಡುವ ಸಂಗೀತಕ್ಕೆ ಮಬ್ಬುನಾದ ಎಂದು ಹೆಸರು. ಇಂಗ್ಲೆಂಡಿನ ಹೊಗೆಗೊಳವೆಯ ಊರುಗಳಲ್ಲಿ 1970ರ ದಶಕದ ಕೊನೆಗೆ ಕಣ್ಣುಬಿಟ್ಟ ಇದು ಈಗ ಪೋಸ್ಟ್-ಪಂಕ್, ಗಾಥ್, ಡಾರ್ಕ್‌ವೇವ್, ಕೋಲ್ಡ್‌ವೇವ್, ಶೂಗೇಜ್, ಸ್ಲೋಕೋರ್ ಎಂದು ಕವಲೊಡೆದಿದೆ. ಒಳಪಂಗಡಗಳ ವಿಷಯದಲ್ಲಿ ಆಗುವಂತೆ ಇಲ್ಲಿಯೂ ಕವಲುಗಳ ನಡುವಿನ ಗೆರೆ ಒಳಗಿನವರಿಗೆ ಪ್ರಾಣಪ್ರಶ್ನೆ, ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ಈ ಸಂಗೀತದ ಬಗ್ಗೆ ಗ್ರಂಥಗಳು ಸಾಕಷ್ಟಿವೆ. ಹೊಸ ಆಲ್ಬಮ್ ಬಂದಾಗ ಅಭಿಮಾನಿಯಲ್ಲಿ ಮೂಡುವ ಅಭಿಪ್ರಾಯದ ಬಗ್ಗೆ ಮಾತ್ರ ಶಾಸ್ತ್ರವೊಂದು ಇನ್ನೂ ಹುಟ್ಟಿಲ್ಲ. ಅಭಿಪ್ರಾಯವಾದರೋ ಸಂಗೀತಕ್ಕಿಂತ ಮೊದಲೇ ಹುಟ್ಟಿ, ಅದು ನಿಂತ ಮೇಲೂ ಬಹಳ ಹೊತ್ತು ಕೇಳಿಸುತ್ತಿರುವ ವಸ್ತು.

ಮಬ್ಬುನಾದ ‘ಇಂಡೀ’ ಆಗಿರಬೇಕು, ಅಂದರೆ ದೊಡ್ಡ ಕಂಪನಿಯ ಹಂಗಿಲ್ಲದ ಸಣ್ಣ ಸಂಸ್ಥೆಯಿಂದ ಬಂದಿರಬೇಕು ಎಂಬುದು ಸೂತ್ರ. ಸ್ಲೋಡೈವ್ ತಂಡದ್ದು ಡೆಡ್ ಓಷನ್ಸ್, ಬೆತ್ ಗಿಬನ್ಸ್‌ರದು ಡೊಮಿನೊ, ಬೆಲಾರೂಸಿನ ಮೊಲ್ಚಾಟ್ ಡೋಮಾದ್ದು ಸೇಕ್ರೆಡ್ ಬೋನ್ಸ್: ಇವು ಸೂತ್ರಕ್ಕೆ ಒಪ್ಪುತ್ತವೆ. ದಿ ಕ್ಯೂರ್ ತಂಡದ ಧ್ವನಿಮುದ್ರಿಕೆಗಳು ಯೂನಿವರ್ಸಲ್ ಎಂಬ ಜಗತ್ತಿನ ಅತಿ ದೊಡ್ಡ ಸಂಗೀತ ಕಂಪನಿಯ ಮನೆಯಿಂದ ಬರುತ್ತವಾದ್ದರಿಂದ ಒಪ್ಪುವುದಿಲ್ಲ. ಅಭಿಮಾನಿ ಇಲ್ಲಿ ಆಪದ್ಧರ್ಮವನ್ನು ಬಳಸುತ್ತಾನೆ. ಗಾಯಕನ ತಲೆಗೂದಲು ಸಾಕಷ್ಟು ಕೆದರಿದ್ದರೆ ಕಂಪನಿಯ ದೋಷ ತಟ್ಟುವುದಿಲ್ಲ.

ಶಾಸ್ತ್ರದ ಮೂಲ 1979ರಲ್ಲಿದೆ. ಆ ವರ್ಷ ಸ್ಟಾಕ್‌ಪೋರ್ಟಿನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ ಜಾಯ್ ಡಿವಿಷನ್ ತಂಡ ‘ಅನ್‌ನೋನ್ ಪ್ಲೆಷರ್ಸ್’ ಮುದ್ರಿಸಿತು. ನಿರ್ಮಾಪಕ ಮಾರ್ಟಿನ್ ಹ್ಯಾನೆಟ್ ಡ್ರಮ್ಮಿನ ಭಾಗಗಳನ್ನು ಬಿಡಿಬಿಡಿಯಾಗಿ ಬಾರಿಸಿಕೊಂಡು, ಡಿಜಿಟಲ್ ಡಿಲೇ ಯಂತ್ರದಲ್ಲಿ ಅದ್ದಿ ತೆಗೆದು, ನಾಲ್ಕು ಜನ ಹುಡುಗರ ಗದ್ದಲವನ್ನು ಖಾಲಿ ಗೋದಾಮಿನೊಳಗಿನ ಗದ್ದಲವಾಗಿ ಮಾರ್ಪಡಿಸಿದ. ಗಿಟಾರಿನ ಬರ್ನಾರ್ಡ್ ಸಮ್ನರ್, ಬೇಸ್‌ನ ಪೀಟರ್ ಹುಕ್ ಇಬ್ಬರಿಗೂ ಅದು ಹಿಡಿಸಲಿಲ್ಲ; ವೇದಿಕೆಯ ಮೇಲಿನ ತಮ್ಮ ಕಸುವೆಲ್ಲ ಇಳಿದುಹೋಯಿತೆಂಬುದು ಅವರ ದೂರು. ಕೇಳಿದವರು ಮಾತ್ರ ಬಿದ್ದುಹೋದರು. ಹಾಡನ್ನು ಕಟ್ಟಿದವರ ಅಭಿಪ್ರಾಯ ಪ್ರಮಾಣವಲ್ಲ ಎಂಬ ಮೊದಲ ಸಿದ್ಧಾಂತ ಸ್ಥಾಪನೆಯಾದದ್ದು ಹೀಗೆ. ಅದನ್ನು ಇಂದಿಗೂ ಯಾರೂ ಅಲುಗಿಸಿಲ್ಲ.

ಹ್ಯಾನೆಟ್ ಮಾಡಿದ್ದರ ತಾಂತ್ರಿಕ ಹೆಸರು ಅನುರಣನ. ಗಂಟೆ ಬಡಿದ ಮೇಲೆ ಉಳಿಯುವ ಮೊರೆತವೇ ಅದು. ಒಂಬತ್ತನೇ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ವ್ಯಂಗ್ಯಾರ್ಥದ ಒಂದು ಬಗೆಯನ್ನು ವಿವರಿಸಲು ಇದೇ ಮಾತನ್ನು ಬಳಸಿದ್ದಾನೆ: ವಾಚ್ಯಾರ್ಥ ಮುಗಿದ ಮೇಲೆ ಇನ್ನೊಂದು ಅರ್ಥ ಗಂಟೆಯ ಮೊರೆತದಂತೆ ಹಿಂದಿನಿಂದ ಬರುತ್ತದೆ. ಮಬ್ಬುನಾದದಲ್ಲಿ ವಾಚ್ಯಾರ್ಥ ಮೊದಲಿನಿಂದಲೂ ಇರುವುದಿಲ್ಲವಾದ್ದರಿಂದ ಮೊರೆತವೇ ಎರಡೂ ಕೆಲಸವನ್ನು ನೋಡಿಕೊಳ್ಳುತ್ತದೆ. ಅನುರಣನವನ್ನು ಮೊದಲು ಅಳೆದವನು ಅಮೆರಿಕದ ವ್ಯಾಲೇಸ್ ಸಬೀನ್. 1895ರಲ್ಲಿ ಹಾರ್ವರ್ಡಿನ ಒಂದು ಉಪನ್ಯಾಸ ಕೊಠಡಿಯಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಮೀರಿ ಗುಂಯ್‌ಗುಡುತ್ತಿತ್ತು. ಮೇಷ್ಟರ ಹಿಂದಿನ ವಾಕ್ಯ ಮುಂದಿನ ವಾಕ್ಯವನ್ನು ನುಂಗುತ್ತಿತ್ತು. ಸಬೀನ್ ಪಕ್ಕದ ರಂಗಮಂದಿರದ ಕುರ್ಚಿದಿಂಬುಗಳನ್ನು ಹೊರಿಸಿ ತಂದು, ಊರು ಮಲಗಿದ ಮೇಲೆ ಅವನ್ನು ಒಂದೊಂದಾಗಿ ಹರಡುತ್ತಾ, ಮೊರೆತ ಎಷ್ಟು ಕಮ್ಮಿಯಾಯಿತೆಂದು ಲೆಕ್ಕವಿಟ್ಟ. ಅಷ್ಟು ನಿದ್ದೆಗೆಟ್ಟು ಓಡಿಸಿದ್ದನ್ನು ಮುಂದಿನ ಶತಮಾನ ದುಡ್ಡು ಕೊಟ್ಟು ವಾಪಸು ತಂದಿತು. 1957ರಲ್ಲಿ ಬಂದ ಜರ್ಮನಿಯ ಇಎಂಟಿ 140 ಎಂಬ ಅನುರಣನ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು. ಒಳಗಿದ್ದದ್ದು ನೇತುಹಾಕಿದ ಒಂದು ಉಕ್ಕಿನ ತಗಡು. ಈಗ ಅದೇ ಗುಂಯ್‌ಗುಡುವಿಕೆ ಫೋನಿನೊಳಗೆ ಬಿಟ್ಟಿಯಾಗಿ ಸಿಗುತ್ತದೆ, ದಿಂಬು ಹೊರುವವರು ಮಾತ್ರ ಸಿಗುವುದಿಲ್ಲ. ಗಾಯಕಿ ಚೆಲ್ಸೀ ವುಲ್ಫ್ 2024ರ ಫೆಬ್ರವರಿಯಲ್ಲಿ ಹೊರತಂದ ಆಲ್ಬಮ್ಮಿನ ಹೆಸರು ‘ಶಿ ರೀಚಸ್ ಔಟ್ ಟು ಶಿ ರೀಚಸ್ ಔಟ್ ಟು ಶಿ’. ಶೀರ್ಷಿಕೆಗೇ ಅನುರಣನ ಹಚ್ಚಿದ ಉದಾಹರಣೆಗಳು ವಿರಳ.

ಇನ್ನು ಪ್ರಮಾಣಗಳು. ನೈಯಾಯಿಕರಿಗೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು. ಅಭಿಮಾನಿಗೂ ಇವೇ ನಾಲ್ಕು ಸಾಕು, ಐದನೆಯದಾದ ಶ್ರವಣ ಐಚ್ಛಿಕ.

ಪ್ರತ್ಯಕ್ಷವೆಂದರೆ ಹೊದಿಕೆಯ ಚಿತ್ರ. ‘ಅನ್‌ನೋನ್ ಪ್ಲೆಷರ್ಸ್’ನ ಕಪ್ಪು ಹೊದಿಕೆಯ ಮೇಲಿರುವ ಬಿಳಿ ಗೆರೆಗಳು ಬೆಟ್ಟಸಾಲೆಂದೂ ಎದೆಬಡಿತವೆಂದೂ ಅರ್ಥೈಸಿದವರಿದ್ದಾರೆ. ನಿಜಕ್ಕೂ ಅದು 1967ರಲ್ಲಿ ಜೋಸೆಲಿನ್ ಬೆಲ್ ಬರ್ನೆಲ್ ಪತ್ತೆಹಚ್ಚಿದ ಸಿಪಿ 1919 ಎಂಬ ಪಲ್ಸಾರ್ ನಕ್ಷತ್ರದ ರೇಡಿಯೋ ಮಿಡಿತಗಳ ನಕ್ಷೆ. ಖಗೋಳ ವಿಶ್ವಕೋಶವೊಂದರಲ್ಲಿ ಬಿಳಿಯ ಮೇಲೆ ಕಪ್ಪಾಗಿದ್ದುದನ್ನು ವಿನ್ಯಾಸಕಾರ ಪೀಟರ್ ಸ್ಯಾವಿಲ್ ಕಪ್ಪಿನ ಮೇಲೆ ಬಿಳಿಯಾಗಿಸಿದ. ಆಮೇಲೆ ಆ ನಕ್ಷೆ ಟೀ-ಶರ್ಟು ಹತ್ತಿತು. 2012ರಲ್ಲಿ ಡಿಸ್ನಿ ಕಂಪನಿ ಅದೇ ಗೆರೆಗಳನ್ನು ಮಿಕ್ಕಿ ಮೌಸಿನ ಆಕಾರದಲ್ಲಿ ಅಚ್ಚುಹಾಕಿ ಮಾರಾಟಕ್ಕಿಟ್ಟು, ಸುದ್ದಿಯಾಗುತ್ತಲೇ ಹಿಂತೆಗೆದುಕೊಂಡಿತು. ಇನ್ನೂ ಸ್ವಾರಸ್ಯದ ಪ್ರಕರಣ ಮೊಲ್ಚಾಟ್ ಡೋಮಾದ್ದು. ತಂಡದ ಹೆಸರಿನ ಅರ್ಥ ‘ಮನೆಗಳು ಮೌನವಾಗಿವೆ’. 2018ರ ‘ಎತಾಝಿ’ ಆಲ್ಬಮ್ಮಿನ ಹೊದಿಕೆಯಲ್ಲಿ ಹೆದರಿಸುವಂತೆ ನಿಂತ ಒಂದು ಕಾಂಕ್ರೀಟ್ ಕಟ್ಟಡವಿದೆ. ಸೋವಿಯತ್ ಯುಗದ ಸಕಲ ಏಕಾಂತವೂ ಅದರ ಕಿಟಕಿಗಳಲ್ಲಿ ಮಡುಗಟ್ಟಿದೆ ಎಂದು ಅಭಿಮಾನಿ ಬಲ್ಲ. ಕಟ್ಟಡ ಇರುವುದು ಸ್ಲೊವಾಕಿಯಾದ ತಾತ್ರಾ ಬೆಟ್ಟಗಳಲ್ಲಿ. ಅದು ಪ್ರವಾಸಿಗಳು ಸಂಸಾರಸಮೇತ ಹೋಗಿ ಹಿಮದಲ್ಲಿ ಜಾರಿ ಆಡಿ ಬರುವ ಪನೋರಮಾ ಎಂಬ ಹೋಟೆಲು. ಪ್ರತ್ಯಕ್ಷ ಪ್ರಮಾಣವನ್ನೂ ಪರಾಂಬರಿಸಿ ನೋಡಬೇಕೆಂದು ತಾರ್ಕಿಕರು ಹೇಳಿದ್ದು ಇದಕ್ಕೇ ಇರಬೇಕು.

ಶಬ್ದಪ್ರಮಾಣ ಎಂದರೆ ಆಪ್ತವಾಕ್ಯ, ಇಲ್ಲಿ ಲೇಬಲ್ಲಿನ, ಅಂದರೆ ಧ್ವನಿಮುದ್ರಣ ಸಂಸ್ಥೆಯ ಹೆಸರು. 1980ರಲ್ಲಿ ಶುರುವಾದ ಲಂಡನ್ನಿನ 4ಎಡಿ ಒಂದು ಕಾಲಕ್ಕೆ ಇಂಥ ಆಪ್ತ. ಉಪಮಾನ ಪ್ರಮಾಣದಲ್ಲಿ ಹೊಸ ತಂಡವನ್ನು ಹಳೆಯ ಎರಡು ತಂಡಗಳಿಗೂ ಒಂದು ನಿರ್ಜನ ಸ್ಥಳಕ್ಕೂ ಹೋಲಿಸಲಾಗುತ್ತದೆ. ಸ್ಥಳ ಪಾಳುಚರ್ಚು, ಮಂಜಿನ ಕಾಡು, ನೀರಿಲ್ಲದ ಈಜುಕೊಳ ಇವುಗಳಲ್ಲಿ ಒಂದಾಗಿರತಕ್ಕದ್ದು. ಅನುಮಾನ ಪ್ರಮಾಣಕ್ಕೆ ಹೆಚ್ಚಿನ ವಿವರಣೆ ಬೇಡ: ಅಭಿಮಾನಿ ಎಲ್ಲವನ್ನೂ ಅನುಮಾನಿಸುತ್ತಾನೆ.

ಮಬ್ಬುನಾದದ ಘನತೆಯನ್ನು ಅಂಕಿಯಲ್ಲಿ ಹೇಳಲು ಒಂದೇ ಖಚಿತ ಮಾನವಿದೆ. ಅದು ಕಂಠಾಗಮನ ಕಾಲ, ಎಂದರೆ ಹಾಡು ಆರಂಭವಾದಾಗಿನಿಂದ ಗಾಯಕ ಬಾಯಿ ತೆರೆಯುವವರೆಗಿನ ಅವಧಿ. ಸಾಮಾನ್ಯ ಹಾಡಿನಲ್ಲಿ ಇದು ಹತ್ತು ಹದಿನೈದು ಸೆಕೆಂಡು. ದಿ ಕ್ಯೂರ್ ತಂಡದ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’ ಆಲ್ಬಮ್ಮಿನ ಮೊದಲ ಹಾಡಿನಲ್ಲಿ ಮೂರು ನಿಮಿಷಕ್ಕೂ ಹೆಚ್ಚು, ಹತ್ತು ನಿಮಿಷ ದಾಟುವ ಕೊನೆಯ ಹಾಡಿನಲ್ಲಿ ಸುಮಾರು ಆರು ನಿಮಿಷ. ಅರ್ಧ ಗಂಟೆ ಆಲಾಪನೆ ಕೇಳಿ ಬೆಳೆದವರಿಗೆ ಆರು ನಿಮಿಷ ಏನೂ ಅಲ್ಲ, ನಿಜ. ಆದರೆ ಆಲಾಪನೆಯಲ್ಲಿ ವಿದ್ವಾಂಸರು ಆ ಹೊತ್ತೆಲ್ಲ ದುಡಿಯುತ್ತಿರುತ್ತಾರೆ, ಇಲ್ಲಿ ಗಾಯಕ ರಾಬರ್ಟ್ ಸ್ಮಿತ್ ಕಾಯುತ್ತಿರುತ್ತಾನೆ. ಆ ಕಾಯುವಿಕೆಗೇ ಚಪ್ಪಾಳೆ.

ಈ ಆಲ್ಬಮ್ ಬಂದ ಗಳಿಗೆಯನ್ನು ಪಂಚಾಂಗದ ದೃಷ್ಟಿಯಿಂದ ನೋಡಬೇಕು. 2015ರ ಜುಲೈ 10ರಿಂದ ಜಗತ್ತಿನಾದ್ಯಂತ ಹೊಸ ಸಂಗೀತಕ್ಕೆ ಶುಕ್ರವಾರವೇ ಬಿಡುಗಡೆಯ ದಿನವೆಂದು ಧ್ವನಿಮುದ್ರಣ ಉದ್ಯಮ ಗೊತ್ತುಮಾಡಿಕೊಂಡಿದೆ; ಸ್ಟ್ರೀಮಿಂಗ್ ಆ್ಯಪ್‌ಗಳು ಸಾಮಾನ್ಯವಾಗಿ ಆಯಾ ಊರಿನ ನಡುರಾತ್ರಿಗೆ ಬೀಗ ತೆಗೆಯುತ್ತವೆ. ಕ್ಯೂರ್ ತಂಡದವರು ಹದಿನಾರು ವರ್ಷ ಕಾಯಿಸಿ ಆರಿಸಿಕೊಂಡ ಶುಕ್ರವಾರ 2024ರ ನವೆಂಬರ್ 1. ಕರ್ನಾಟಕದಲ್ಲಿ ಅದು ರಾಜ್ಯೋತ್ಸವ. ಆ ವರ್ಷ ದೀಪಾವಳಿಯ ಅಮಾವಾಸ್ಯೆಯೂ ಹೌದು. ಮಬ್ಬುನಾದಕ್ಕೆ ಅಮಾವಾಸ್ಯೆಯ ನಡುರಾತ್ರಿಗಿಂತ ಪ್ರಶಸ್ತ ಮುಹೂರ್ತವನ್ನು ಯಾವ ಜೋಯಿಸರೂ ಹುಡುಕಿಕೊಡಲಾರರು. ಅಮಾವಾಸ್ಯೆಯ ಕತ್ತಲೆಯನ್ನು ವರ್ಷಕ್ಕೊಮ್ಮೆ ಊರೆಲ್ಲ ಸೇರಿ ಓಡಿಸುವ ರಾತ್ರಿಯೂ ಅದೇ ಎಂಬುದು ಬೇರೆ ಮಾತು. ಬೆಂಗಳೂರಿನ ಅಭಿಮಾನಿ ಲಂಡನ್ನಿನವನಿಗಿಂತ ಐದೂವರೆ ಗಂಟೆ ಮೊದಲೇ ಶೋಕಕ್ಕೆ ಅರ್ಹನಾದ. ಮೂರು ನಿಮಿಷದ ಕಂಠಾಗಮನ ಕಾಲವನ್ನು ಸರಪಟಾಕಿಯೊಂದಿಗೆ, ಬೆಳಗಿನ ಮರುಶ್ರವಣವನ್ನು ಬೀದಿ ಮೂಲೆಯ ಹಳದಿ-ಕೆಂಪು ಬಾವುಟದ ಕೆಳಗಿನ ಧ್ವನಿವರ್ಧಕದೊಂದಿಗೆ ಹಂಚಿಕೊಂಡ. ಹೀಗಿದ್ದೂ ಅಭಿಪ್ರಾಯ ಕದಲಲಿಲ್ಲ. ಅದು ಸೆಪ್ಟೆಂಬರಿನಲ್ಲೇ, ಮೊದಲ ಹಾಡೊಂದೇ ಹೊರಬಂದಾಗ, ಸಿದ್ಧವಾಗಿತ್ತು.

ಹದಿನಾರು ವರ್ಷ ಎಂಬುದಕ್ಕೆ ತನ್ನದೇ ಪ್ರಕರಣವಿದೆ. ಪೋರ್ಟಿಸ್‌ಹೆಡ್ ತಂಡ ಎರಡನೆಯ ಆಲ್ಬಮ್ಮಿನಿಂದ ಮೂರನೆಯದಕ್ಕೆ ತೆಗೆದುಕೊಂಡದ್ದು ಹನ್ನೊಂದು ವರ್ಷ. ಮೈ ಬ್ಲಡಿ ವ್ಯಾಲೆಂಟೈನ್ 1991ರಿಂದ 2013ರವರೆಗೆ, ಸ್ಲೋಡೈವ್ 1995ರಿಂದ 2017ರವರೆಗೆ, ತಲಾ ಇಪ್ಪತ್ತೆರಡು ವರ್ಷ ಆಲ್ಬಮ್ ಹೊರತರಲಿಲ್ಲ. ವರ್ಷವರ್ಷವೂ ಹಡೆಯುವ ತಂಡವನ್ನು ಅಭಿಮಾನಿ ಸಂಶಯದಿಂದ ನೋಡುತ್ತಾನೆ. ತಡವಾದಷ್ಟೂ ತಪಸ್ಸು ಹೆಚ್ಚು. ಸ್ಲೋಡೈವ್‌ನ ಕತೆಯಂತೂ ಅಭಿಪ್ರಾಯದ ಚಂಚಲತೆಗೇ ಒಂದು ಪಾಠ. ತೊಂಬತ್ತರ ದಶಕದ ಆರಂಭದಲ್ಲಿ ಬ್ರಿಟಿಷ್ ಪತ್ರಿಕೆಗಳು ಇಂಥ ತಂಡಗಳನ್ನು ‘ಶೂಗೇಜ್’ ಎಂದು ಹೀಯಾಳಿಸಿದವು: ವೇದಿಕೆಯ ಮೇಲೆ ಕಾಲಬಳಿಯ ಗಿಟಾರ್ ಪೆಡಲುಗಳನ್ನೇ ನೋಡುತ್ತ ನಿಂತಿರುತ್ತಾರೆ, ಕೇಳುಗರತ್ತ ತಲೆಯೆತ್ತುವುದಿಲ್ಲ ಎಂದು. ಯೋಗಿಗೆ ನಾಸಾಗ್ರ ದೃಷ್ಟಿ, ಇವರಿಗೆ ಪಾದಾಗ್ರ ದೃಷ್ಟಿ. ಮೂರನೆಯ ಆಲ್ಬಮ್ ಬಂದ ಬೆನ್ನಿಗೇ ಕ್ರಿಯೇಷನ್ ಸಂಸ್ಥೆ ಅವರನ್ನು ಕೈಬಿಟ್ಟಿತು. ಅದೇ ತಂಡ 2023ರ ಸೆಪ್ಟೆಂಬರಿನಲ್ಲಿ ‘ಎವರಿಥಿಂಗ್ ಈಸ್ ಅಲೈವ್’ ತಂದಾಗ, ಅವರು ಬಿಟ್ಟುಹೋದ ಕಾಲಕ್ಕೆ ಹುಟ್ಟಿಯೇ ಇರದ ಹುಡುಗರು ಮುಂದಿನ ಸಾಲಿನಲ್ಲಿ ನಿಂತಿದ್ದರು. ಬೈಗುಳವಾಗಿ ಹುಟ್ಟಿದ ಹೆಸರು ಈಗ ಬಿರುದು. ಪೆಡಲುಗಳು ಹೆಚ್ಚುಕಡಿಮೆ ಅವೇ.

ಸಾಹಿತ್ಯದ ವಿಷಯ ಚಿಕ್ಕದು. ಸ್ಕಾಟ್ಲೆಂಡಿನ ಕಾಕ್ಟೋ ಟ್ವಿನ್ಸ್ ತಂಡದ ಎಲಿಜಬೆತ್ ಫ್ರೇಸರ್ ಹಾಡುತ್ತಿದ್ದ ಪದಗಳಲ್ಲಿ ಹಲವು ಯಾವ ಭಾಷೆಗೂ ಸೇರಿದವಲ್ಲ. ಮೊಲ್ಚಾಟ್ ಡೋಮಾ ಹಾಡುವುದು ರಷ್ಯನ್ನಿನಲ್ಲಿ. ಅರ್ಥವಾಗದಷ್ಟೂ ಆಳ ಎಂಬುದು ಅಭಿಮಾನಿಯ ಸಿದ್ಧಾಂತ. ತೆಲುಗು ಬಾರದೆಯೂ ತ್ಯಾಗರಾಜರ ಕೃತಿಗೆ ಕಣ್ಣೊರೆಸಿಕೊಳ್ಳುವ ಮೈಸೂರಿನ ಸಭೆಗಳು ಇದನ್ನು ತಳ್ಳಿಹಾಕುವ ಸ್ಥಿತಿಯಲ್ಲಿಲ್ಲ.

ಪೋರ್ಟಿಸ್‌ಹೆಡ್‌ನ ಗಾಯಕಿ ಬೆತ್ ಗಿಬನ್ಸ್‌ರ ‘ಲೈವ್ಸ್ ಔಟ್‌ಗ್ರೋನ್’ (2024ರ ಮೇ) ಶಾಸ್ತ್ರಕ್ಕೆ ತೊಡಕು ತಂದ ಕೃತಿ. ಹತ್ತು ಹಾಡು, ತಯಾರಿ ಸುಮಾರು ಹತ್ತು ವರ್ಷ. ಅಲ್ಲಿಯವರೆಗೆ ಲೆಕ್ಕ ಸರಿ. ಆದರೆ ಮೊರೆತವಿಲ್ಲ, ಮಂಜಿಲ್ಲ, ಪಾಳುಚರ್ಚಿಲ್ಲ. ಟಾಕ್ ಟಾಕ್ ತಂಡದಲ್ಲಿದ್ದ ಲೀ ಹ್ಯಾರಿಸ್ ಪರದೆಬಟ್ಟೆ ತುಂಬಿದ ಪೆಟ್ಟಿಗೆ, ಅಡುಗೆಮನೆಯ ಬಾಣಲೆ, ತಗಡು ಇಂಥವನ್ನು ಬಡಿದು ತಾಳ ಕೂಡಿಸಿದ್ದಾರೆ. ಮಡಕೆಯನ್ನು ವೇದಿಕೆಗೇರಿಸಿ ಘಟ ಎಂದು ಗೌರವಿಸಿದ ನಾಡಿಗೆ ಇದು ಬೆರಗಲ್ಲ. ಐವತ್ತರ ಆಚೆಯ ಹೆಣ್ಣೊಬ್ಬಳ ದೇಹ, ತಾಯ್ತನ, ಆಪ್ತರನ್ನು ಒಬ್ಬೊಬ್ಬರಾಗಿ ಕಳಿಸಿಕೊಡುವುದು ಇವೆಲ್ಲ ಇಲ್ಲಿ ಕಿವಿಯ ಪಕ್ಕದಲ್ಲೇ ಕುಳಿತು ಹೇಳಿದಷ್ಟು ಹತ್ತಿರದಿಂದ ಕೇಳಿಸುತ್ತವೆ. ಮೇಲಿನ ಎಲ್ಲ ಆಲ್ಬಮ್‌ಗಳಲ್ಲಿ ದೀಪ ಆರಿಸುವ ಅಗತ್ಯವೇ ಬೀಳದ್ದು ಇದೊಂದೇ, ಮತ್ತು ಹೆಚ್ಚು ಕತ್ತಲೆಯಿರುವುದೂ ಇದರಲ್ಲೇ. ಅಭಿಮಾನಿಯ ಅಭಿಪ್ರಾಯ ಇದರ ಮುಂದೆ ಕೆಲಕಾಲ ತಬ್ಬಿಬ್ಬಾಗಿ, ಕೊನೆಗೆ ‘ಪೋರ್ಟಿಸ್‌ಹೆಡ್‌ನ ಕಾಲದಷ್ಟಲ್ಲ’ ಎಂಬ ಸುರಕ್ಷಿತ ಜಾಗಕ್ಕೆ ಬಂದು ಕುಳಿತಿತು.

ಇಷ್ಟೆಲ್ಲ ಕೇಳಿ ಅಭಿಮಾನಿಗೆ ದುಃಖವಾಗುತ್ತದೆಯೇ ಎಂಬುದು ರಸವಿಚಾರ. ಲಕ್ಷಣಗಳನ್ನು ನೋಡಿದರೆ ಇಲ್ಲ: ಹಸಿವು ಚೆನ್ನಾಗಿರುತ್ತದೆ, ಮಾತು ಹೆಚ್ಚುತ್ತದೆ, ಸ್ನೇಹಿತರಿಗೆ ಕೊಂಡಿ ಕಳಿಸುವ ಉತ್ಸಾಹ ಎರಡು ಪಟ್ಟಾಗುತ್ತದೆ. ಶೋಕ ಸ್ಥಾಯಿಯಾದಾಗ ಸಹೃದಯನಿಗೆ ಒದಗುವುದು ಆನಂದವೇ ಎಂದು ಆಲಂಕಾರಿಕರು ಹಿಂದೆಯೇ ಬಗೆಹರಿಸಿದ್ದಾರಾದ್ದರಿಂದ ಇದರಲ್ಲಿ ವಿರೋಧವಿಲ್ಲ. ಭರತನ ನಾಟ್ಯಶಾಸ್ತ್ರ ಒಂದೊಂದು ರಸಕ್ಕೂ ಒಂದೊಂದು ಬಣ್ಣ ಹೇಳುತ್ತದೆ; ಕರುಣಕ್ಕೆ ಕಪೋತವರ್ಣ, ಅಂದರೆ ಪಾರಿವಾಳದ ಬೂದು. ಮಬ್ಬುನಾದದ ಗ್ರಾಮಫೋನ್ ತಟ್ಟೆಗಳ ವಿಶೇಷ ಆವೃತ್ತಿ ‘ಹೊಗೆಬಣ್ಣ’ ಎಂದು ಮಾರಾಟವಾಗುವುದನ್ನು ನೋಡಿದರೆ ಕಾರ್ಖಾನೆಯವರು ಭರತನನ್ನು ಓದಿಕೊಂಡಿರುವ ಸಾಧ್ಯತೆ ಅಲ್ಲಗಳೆಯುವಂತಿಲ್ಲ.

ಅಭಿಪ್ರಾಯಕ್ಕೆ ಅವಸಾನವೂ ಉಂಟು, ಅದಕ್ಕೆ ಕಾರಣ ಜನಪ್ರಿಯತೆ. 2020ರಲ್ಲಿ ಮೊಲ್ಚಾಟ್ ಡೋಮಾದ ‘ಎತಾಝಿ’ಯ ಒಂದು ಹಾಡು ಟಿಕ್‌ಟಾಕ್‌ಗೆ ಸಿಕ್ಕಿ, ಬಟ್ಟೆ ಮಡಚುವವರ, ಬೆಕ್ಕು ಕುಣಿಸುವವರ ಪಾಲಾಯಿತು. ತಂಡ ಮಿನ್‌ಸ್ಕ್ ಬಿಟ್ಟು ಲಾಸ್ ಏಂಜಲೀಸಿನ ಬಿಸಿಲಿಗೆ ನೆಲೆ ಬದಲಿಸಿ, 2024ರ ಸೆಪ್ಟೆಂಬರಿನಲ್ಲಿ ‘ಬೇಲಯ ಪೊಲೊಸಾ’ ಹೊರತಂದಿತು. ಹೆಸರಿನ ಅರ್ಥ ‘ಬಿಳಿ ಪಟ್ಟೆ’; ರಷ್ಯನ್ ಮಾತಿನಲ್ಲಿ ಒಳ್ಳೆಯ ಕಾಲಕ್ಕೂ ಹೀಗೆನ್ನುತ್ತಾರೆ. ಹಳೆಯ ಅಭಿಮಾನಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ. ಕ್ಯೂರ್ ತಂಡದ ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 1992ರ ನಂತರ ಅವರಿಗೆ ಒದಗಿರದ ಸ್ಥಾನ ಅದು. ಆ ವಾರವೇ ಅಭಿಮಾನಿ 1989ರ ‘ಡಿಸಿಂಟಿಗ್ರೇಷನ್’ ಹಾಕಿಕೊಂಡು ಕುಳಿತ. ಅಂಚೆಯಲ್ಲಿ ಬಂದ ಹೊಸ ತಟ್ಟೆ ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ಕಪಾಟಿನ ಕೆಳಸಾಲಿಗೆ, ಹಿಂದಿನ ವರ್ಷದ ಹೊಗೆಬಣ್ಣದ ತಟ್ಟೆಯ ಪಕ್ಕಕ್ಕೆ ಸೇರಿತು.