ಅರವತ್ತಾರು ಚಿಲ್ಲರೆ ವಿದ್ಯಾರ್ಥಿಗಳು

ಲೆಕ್ಕದ ಪುಸ್ತಕದ ಸಂಭವನೀಯತೆ ಅಧ್ಯಾಯದೊಳಗೆ ಒಂದು ಊರಿದೆ. ಅಲ್ಲಿ ಎಲ್ಲರ ಕೈಯಲ್ಲೂ ಒಂದೊಂದು ಚೀಲ, ಚೀಲದಲ್ಲಿ ಐದು ಕೆಂಪು, ಮೂರು ಕಪ್ಪು ಚೆಂಡು. ಅವು ಆಡುವುದಕ್ಕಲ್ಲ, ನೋಡದೆ ಹೊರಗೆ ತೆಗೆಯುವುದಕ್ಕೆ. ಊರಿನಲ್ಲಿ ಒಂದು ಬಲ್ಬಿನ ಕಾರ್ಖಾನೆಯೂ ಇದೆ. ನೂರಕ್ಕೆ ಹತ್ತು ಬಲ್ಬು ಕೆಟ್ಟವೇ, ಆದರೂ ಬಾಗಿಲು ಹಾಕಿಲ್ಲ. ನಾಣ್ಯಗಳಿಗೆ ಪಕ್ಷಪಾತ ಗೊತ್ತಿಲ್ಲ. ಮೊದಲು ತೆಗೆದ ಚೆಂಡನ್ನು ಪುಣ್ಯಾತ್ಮ ವಾಪಸು ಹಾಕಿದನೋ ಇಲ್ಲವೋ ಎಂಬುದೊಂದೇ ಊರಿಗೆಲ್ಲ ಚಿಂತೆ. ಹಾಕಿದ್ದರೆ ಎರಡು ಸಲವೂ ಕೆಂಪೇ ಬರುವ ಸಂಭವನೀಯತೆ 25/64. ಹಾಕದಿದ್ದರೆ 20/56. ಪ್ರಶ್ನೆಯ ಬಾಲದಲ್ಲಿ ‘ಮರಳಿ ಹಾಕದೆ’ ಎಂದು ಬರೆದದ್ದನ್ನು ಗಡಿಬಿಡಿಯಲ್ಲಿ ಓದದೆ ಬಿಟ್ಟವನ ಅಂಕ ಮಾತ್ರ ಮರಳಿ ಬರುವುದಿಲ್ಲ.

ಆ ಊರಿನಲ್ಲಿ ನಿಜವಾಗಿ ವಾಸ ಮಾಡಿದವನೂ ಒಬ್ಬನಿದ್ದ. ದಕ್ಷಿಣ ಆಫ್ರಿಕಾದಲ್ಲಿ ಗಣಿತ ಹೇಳಿಕೊಡುತ್ತಿದ್ದ ಜಾನ್ ಕೆರಿಚ್ 1940ರಲ್ಲಿ ಡೆನ್ಮಾರ್ಕಿಗೆ ಬಂದಿದ್ದಾಗ ಜರ್ಮನ್ ಸೇನೆ ಒಳನುಗ್ಗಿತು, ಅವನು ಶಿಬಿರದಲ್ಲಿ ಬಂದಿಯಾದ. ಬೇರೆ ಬಂದಿಗಳು ಸುರಂಗ ತೋಡುವ ಯೋಚನೆ ಮಾಡಿದ್ದಾರು. ಇವನು ಒಂದು ನಾಣ್ಯವನ್ನು ಹತ್ತು ಸಾವಿರ ಸಲ ಚಿಮ್ಮಿದ. ತಲೆ ಬಿದ್ದದ್ದು 5067 ಸಲ. ಅಷ್ಟಕ್ಕೆ ತೃಪ್ತಿಯಾಗದೆ ಪಿಂಗ್‌ಪಾಂಗ್ ಚೆಂಡುಗಳನ್ನಿಟ್ಟುಕೊಂಡು ನೋಡದೆ ತೆಗೆಯುವ ಪ್ರಯೋಗವನ್ನೂ ಮಾಡಿದ. ಪುಸ್ತಕದ ಲೆಕ್ಕಗಳೆಲ್ಲ ಬರಿ ಕಲ್ಪನೆ ಎಂದು ಗೊಣಗುವವರಿಗೆ ಈತನನ್ನು ತೋರಿಸಬಹುದು. ಅಷ್ಟು ಬಿಡುವು ಸಿಗಲು ಒಂದು ಮಹಾಯುದ್ಧ ಬೇಕಾಯಿತು ಎನ್ನುವುದು ಬೇರೆ ಮಾತು.

ಆರಿಸುವ ಬಗೆಗಳನ್ನು ಎಣಿಸುವ ವಿದ್ಯೆಗೆ ಚೀಲವೇ ಬೇಕೆಂದೇನಿಲ್ಲ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಲ್ಲೇ ‘ಗಣಿತಸಾರಸಂಗ್ರಹ’ದಲ್ಲಿ ಅದಕ್ಕೆ ಸೂತ್ರ ಕೊಟ್ಟಿದ್ದಾನೆ. ಅವನ ಉದಾಹರಣೆ ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಆರು ರುಚಿಗಳಲ್ಲಿ ಎರಡೆರಡನ್ನು ಬೆರೆಸಲು 15 ದಾರಿ. ಒಂದರಿಂದ ಆರರವರೆಗೆ ಎಲ್ಲ ಬಗೆಯೂ ಸೇರಿದರೆ 63. ಊಟದ ಹೊತ್ತಿಗೆ ಮುಂಚಿನ ಪೀರಿಯಡ್ಡಿನಲ್ಲಿ ಮಾಡಬಾರದ ಲೆಕ್ಕ.

ಇನ್ನು ಇಸ್ಪೀಟು. ಮಗನ ಕೈಯಲ್ಲಿ ಎಲೆ ಕಂಡರೆ ರೌದ್ರಾವತಾರ ತಾಳುವ ಅಪ್ಪಂದಿರ ಮನೆಯಲ್ಲೇ, ‘ಚೆನ್ನಾಗಿ ಕಲಸಿದ 52 ಎಲೆಗಳ ಕಟ್ಟಿನಿಂದ ಒಂದನ್ನು ತೆಗೆದಾಗ...’ ಎಂದು ಮಗ ಗಟ್ಟಿಯಾಗಿ ಓದುತ್ತಿರುತ್ತಾನೆ, ಅಪ್ಪ ಒಳಗೊಳಗೇ ಹಿಗ್ಗುತ್ತಾನೆ. ಆಟೀನು ಕೆಂಪೋ ಕಪ್ಪೋ ತಿಳಿಯದ ಸಭ್ಯ ಹುಡುಗಿ ಇಲ್ಲಿ ಅಂಕ ಕಳೆದುಕೊಳ್ಳುತ್ತಾಳೆ. ಮದುವೆಮನೆಯ ರಾತ್ರಿ ಚಿಕ್ಕಪ್ಪನ ಬೆನ್ನಹಿಂದೆ ಕೂತು ರಮ್ಮಿ ನೋಡಿದವನಿಗೆ ರಾಜ, ರಾಣಿ, ಗುಲಾಮ ಸೇರಿ ಹನ್ನೆರಡು ಚಿತ್ರದೆಲೆ, ಹಾಗಾಗಿ ಉತ್ತರ 12/52 ಎಂಬುದು ಬಾಯಲ್ಲೇ ಇರುತ್ತದೆ.

ಈ ಗಣಿತದ ತವರೇ ಜೂಜು. 1654ರಲ್ಲಿ ಷೆವಲಿಯೆ ದ ಮೆರೆ ಎಂಬ ಫ್ರೆಂಚ್ ಶೋಕಿಲಾಲ ಪ್ಯಾಸ್ಕಲ್ ಮುಂದೆ ದೂರು ಇಟ್ಟ: ಒಂದು ದಾಳವನ್ನು ನಾಲ್ಕು ಸಲ ಎಸೆದರೆ ಕನಿಷ್ಠ ಒಂದು ಆರು ಬೀಳುತ್ತದೆಂದು ಪಣ ಕಟ್ಟಿದರೆ ಲಾಭ; ಎರಡು ದಾಳ 24 ಸಲ ಎಸೆದು ಜೋಡಿ ಆರಿಗೆ ಕಟ್ಟಿದರೆ ಯಾಕೆ ನಷ್ಟ? ನಾಲ್ಕಕ್ಕೆ ಆರು ಎಷ್ಟೋ, ಇಪ್ಪತ್ತನಾಲ್ಕಕ್ಕೆ ಮೂವತ್ತಾರು ಅಷ್ಟೇ ಅಲ್ಲವೇ? ಪ್ಯಾಸ್ಕಲ್ ಇದನ್ನು ಇನ್ನೊಬ್ಬ ಗಣಿತಜ್ಞ ಫರ್ಮಾನಿಗೆ ಬರೆದ. ಪಿಯುಸಿ ಹುಡುಗರಿಗೆ ಈಗ ಇದು ಎರಡು ಸಾಲಿನ ಕೆಲಸ. ‘ಕನಿಷ್ಠ ಒಂದು’ ಎಂದು ಕಂಡಕೂಡಲೇ, ಒಂದೂ ಬೀಳದಿರುವ ಸಂಭವನೀಯತೆಯನ್ನು 1ರಿಂದ ಕಳೆಯಬೇಕು. ಮೊದಲನೆಯ ಪಂದ್ಯಕ್ಕೆ 0.518, ಎರಡನೆಯದಕ್ಕೆ 0.491. ಅರ್ಧದ ಗೆರೆಯ ಈ ಕಡೆ ಒಂದು, ಆ ಕಡೆ ಒಂದು. ಇಷ್ಟು ಸಣ್ಣ ವ್ಯತ್ಯಾಸದಿಂದ ಸಂಶಯಪಡಬೇಕಾದರೆ ಆ ಮಹಾಶಯನ ತಲೆಯಾದರೂ ಚುರುಕಾಗಿತ್ತು, ಇಲ್ಲವೆ ಜೇಬಾದರೂ ಆಳವಾಗಿತ್ತು.

ತಪ್ಪು ಮಾಡುವವರ ಪಂಕ್ತಿಯೂ ದೊಡ್ಡದೇ. ಎರಡು ಸಲ ನಾಣ್ಯ ಚಿಮ್ಮಿದರೆ ಕನಿಷ್ಠ ಒಂದು ತಲೆ ಬೀಳುವ ಸಂಭವನೀಯತೆ ಮುಕ್ಕಾಲು. 1754ರಲ್ಲಿ ಫ್ರೆಂಚ್ ವಿಶ್ವಕೋಶಕ್ಕೆ ಬರೆದ ಲೇಖನದಲ್ಲಿ ಡಾಲಂಬೇರ್ ಇದು ಮೂರರಲ್ಲಿ ಎರಡು ಅಲ್ಲವೇ ಎಂದು ವಾದಿಸಿದ. ಮೊದಲೇ ತಲೆ ಬಿದ್ದರೆ ಆಟ ಮುಗಿಯಿತು, ಮತ್ತೇಕೆ ಚಿಮ್ಮಬೇಕು, ಇರುವುದು ಮೂರೇ ಸಾಧ್ಯತೆ ಎಂಬುದು ಅವನ ತರ್ಕ. ಮೂರೂ ಸರಿಸಮ ಎಂದುಕೊಂಡದ್ದೇ ಎಡವಟ್ಟು. ಯೂರೋಪಿನ ಮೊದಲ ಸಾಲಿನ ಗಣಿತಜ್ಞ. ನಮ್ಮ ಮೌಲ್ಯಮಾಪಕರ ಕೈಗೆ ಸಿಕ್ಕಿದ್ದರೆ ಆ ಪ್ರಶ್ನೆಗೆ ಕೆಂಪು ಸೊನ್ನೆ.

ಚೀಲ, ದಾಳ ಮುಗಿದ ಮೇಲೆ ಪ್ರಸಾಮಾನ್ಯ ವಿತರಣೆ ಬರುತ್ತದೆ. ಲಂಡನ್ನಿನ ಕಾಫಿ ಹೌಸುಗಳಲ್ಲಿ ಪಾಠ ಹೇಳಿ, ಜೂಜುಗಾರರಿಗೆ ಸಲಹೆ ಕೊಟ್ಟು ಹೊಟ್ಟೆ ಹೊರೆಯುತ್ತಿದ್ದ ದ ಮ್ವಾವ್ರ್ 1733ರಲ್ಲಿ, ನಾಣ್ಯವನ್ನು ಸಾವಿರಾರು ಸಲ ಚಿಮ್ಮುವ ಲೆಕ್ಕವನ್ನು ಸುಲಭ ಮಾಡಲು ಹೋಗಿ ಈ ಗಂಟೆಯಾಕಾರದ ಗೆರೆಗೆ ಬಂದು ಮುಟ್ಟಿದ. ಹೆಸರು ಹೋದದ್ದು ಮುಂದೆ ಬಂದ ಗಾಸ್‌ಗೆ. ಜರ್ಮನಿ ತನ್ನ ಹತ್ತು ಮಾರ್ಕಿನ ನೋಟಿನ ಮೇಲೆ ಗಾಸ್‌ನ ಮುಖದ ಜೊತೆ ಗೆರೆಯನ್ನೂ ಸೂತ್ರವನ್ನೂ ಅಚ್ಚು ಹಾಕಿಸಿತ್ತು. ಸೂತ್ರವನ್ನು ಜೇಬಿನಲ್ಲಿಟ್ಟುಕೊಂಡು ಪರೀಕ್ಷೆಗೆ ಹೋಗಿಯೂ ನಕಲು ಮಾಡಿದ ಆರೋಪ ಬಾರದ ಭಾಗ್ಯ ಆಗಿನ ಆ ದೇಶದ ಹುಡುಗರದು.

ಸೂತ್ರ ಗೊತ್ತಿದ್ದರೆ ಸಾಲದು, ಕೋಷ್ಟಕ ನೋಡಬೇಕು. ಸಾವಿರ ವಿದ್ಯಾರ್ಥಿಗಳು, ಸರಾಸರಿ ಅಂಕ 50, ಮಾನಕ ವಿಚಲನೆ 10. 65ಕ್ಕಿಂತ ಹೆಚ್ಚು ತೆಗೆದವರೆಷ್ಟು? ಹದಿನೈದನ್ನು ಹತ್ತರಿಂದ ಭಾಗಿಸಿದರೆ ಝಡ್ 1.5. ಕೋಷ್ಟಕದಲ್ಲಿ 0.4332. ಹುಡುಗ ಖುಷಿಯಿಂದ 433 ಎಂದು ಬರೆದು ಮುಂದಿನ ಪ್ರಶ್ನೆಗೆ ಹಾರುತ್ತಾನೆ. ಆ ಸಂಖ್ಯೆ ನಡುವಿನಿಂದ ಝಡ್‌ವರೆಗಿನ ಜಾಗ. ಬೇಕಾಗಿದ್ದದ್ದು ಅದರಾಚೆಯ ಬಾಲ, ಅಂದರೆ ಅರ್ಧದಲ್ಲಿ ಅದನ್ನು ಕಳೆದು ಉಳಿದ 0.0668. ಪಕ್ಕದ ಬೆಂಚಿನವನ ಪುಸ್ತಕದ ಕೋಷ್ಟಕ ಎಡತುದಿಯಿಂದಲೇ ಎಣಿಸಿ 0.9332 ಎನ್ನುತ್ತದೆ, ಅವನ ಉತ್ತರ 933. ಮೊದಲು ಗಂಟೆ ಬರೆದು, ಬೇಕಾದ ಭಾಗಕ್ಕೆ ಪೆನ್ಸಿಲ್ಲಿನಿಂದ ಗೀರು ಹಾಕಿ ಆಮೇಲೆ ಕೋಷ್ಟಕ ಮುಟ್ಟುವವನು ಮಾತ್ರ ಬಚಾವು. ಅವನಿಗೂ ಸಿಗುವುದು 66.8 ವಿದ್ಯಾರ್ಥಿಗಳು. ಪುಸ್ತಕ ಅದನ್ನು ಮೆಲ್ಲಗೆ 67 ಮಾಡಿ, ಎಂಟಾಣೆಗೂ ಮಿಕ್ಕಿದ ಆ ಒಬ್ಬನನ್ನು ಪೂರ್ತಿ ಮನುಷ್ಯನನ್ನಾಗಿಸುತ್ತದೆ.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ತರಲೆ ಪ್ರಶ್ನೆ ಏಳುತ್ತದೆ: ಗೆರೆ ಎರಡೂ ಕಡೆ ಅನಂತದವರೆಗೆ ಹೋಗುತ್ತದಲ್ಲ ಸಾರ್, ನೂರು ದಾಟಿದ ಮೇಲೂ ಜನ ಇರಬೇಕಲ್ಲ? ಪ್ರಶ್ನೆ ತರಲೆಯಾದರೂ ಲೆಕ್ಕ ಸರಿ. ನೂರು ಎಂದರೆ ಸರಾಸರಿಯಿಂದ ಐದು ಮಾನಕ ವಿಚಲನೆ ದೂರ. ಈ ಗೆರೆಯನ್ನು ನಂಬಿದರೆ ಕೋಟಿಗೆ ಹೆಚ್ಚುಕಡಿಮೆ ಮೂವರು ನೂರಕ್ಕೆ ನೂರನ್ನೂ ಮೀರುತ್ತಾರೆ, ಮತ್ತೆ ಮೂವರು ಸೊನ್ನೆಗಿಂತ ಕೆಳಗೆ ಇಳಿಯುತ್ತಾರೆ. ಮೇಲಿನ ಮೂವರ ಫೋಟೊಗಳನ್ನು ಟ್ಯುಟೋರಿಯಲ್‌ಗಳು ಬ್ಯಾನರಿಗೆ ಹಾಕಿಕೊಳ್ಳುತ್ತವೆ. ಕೆಳಗಿನ ಮೂವರು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದರೆ ಶುಲ್ಕ ಇವರು ಕಟ್ಟಬೇಕೋ, ಮಂಡಳಿಯೇ ಇವರಿಗೆ ಕೊಡಬೇಕೋ ಎಂದು ಹುಡುಗ ಮತ್ತೆ ಕೈ ಎತ್ತುವಷ್ಟರಲ್ಲಿ ಮೇಷ್ಟ್ರು ಪ್ವಾಸಾನ್ ವಿತರಣೆ ಶುರುಮಾಡಿರುತ್ತಾರೆ.