ಸೊನ್ನೆ ಸಾಹೇಬರ ಸಂದರ್ಶನ

ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರಿನ ಹೆಸರು ಮೂರು ಲಿಪಿಗಳಲ್ಲಿ ದಪ್ಪಗೆ ಇರುತ್ತದೆ. ಅದರ ಕೆಳಗೆ, ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎಂದು ಸಣ್ಣ ಅಕ್ಷರದಲ್ಲಿ ಒಂದು ಅಂಕಿ. ರೈಲು ತಡವಾದಾಗ ಮಾತ್ರ ಓದುವ ಸಾಹಿತ್ಯ ಅದು. ಕೊಂಕಣ ರೈಲ್ವೆಯವರು ಮಳೆಗಾಲಕ್ಕೆಂದೇ ಬೇರೆ ವೇಳಾಪಟ್ಟಿ ಮಾಡಿದ್ದಾರೆ. ಮಳೆ ಅದನ್ನು ಓದಿಲ್ಲ. ಹಾಗಾಗಿ ಆಷಾಢದ ಒಂದು ಸಂಜೆ ಕಾರವಾರದಲ್ಲಿ ಎರಡು ತಾಸು ಕೂತು ಆ ಒಂದು ಸಾಲನ್ನು ನಾನು ನಲವತ್ತು ಸಲವಾದರೂ ಓದಿದೆ. ‘ಸಮುದ್ರ ಒಂದು ಗಳಿಗೆ ಇದ್ದಂತೆ ಇನ್ನೊಂದು ಗಳಿಗೆ ಇರುವುದಿಲ್ಲ. ಅದರ ಮಟ್ಟ ಅಂದರೆ ಯಾವ ಹೊತ್ತಿನ ಮಟ್ಟ?’ ಎಂದು ಗಟ್ಟಿಯಾಗಿಯೇ ಗೊಣಗಿದೆನೋ ಏನೋ, ಫಲಕದ ಕೆಳಸಾಲು ಗಂಟಲು ಸರಿಮಾಡಿಕೊಂಡಿತು.

ನಾನು: ತಮ್ಮ ಪರಿಚಯ?

ಸಾಹೇಬರು: ಸರಾಸರಿ ಸಮುದ್ರ ಮಟ್ಟ. ಕಚೇರಿಯಲ್ಲಿ ಎಂ.ಎಸ್.ಎಲ್. ಅನ್ನುತ್ತಾರೆ. ಸರ್ವೆ ಆಫ್ ಇಂಡಿಯಾದವರು 1909ರಲ್ಲಿ ಕೊಟ್ಟ ಹುದ್ದೆ, ದರ್ಜೆ ಸೊನ್ನೆ. ದೇಶದ ಬೆಟ್ಟ, ಅಣೆಕಟ್ಟು, ಸೇತುವೆ, ಎಲ್ಲದರ ಎತ್ತರವೂ ನನ್ನ ತಲೆಯ ಮೇಲಿಂದ ಶುರು. ಮುಳ್ಳಯ್ಯನಗಿರಿ 1,900 ಮೀಟರ್ ದಾಟಿದೆ ಅಂತ ಬೀಗುತ್ತೀರಲ್ಲ, ಯಾರಿಂದ ದಾಟಿದ್ದು? ನನ್ನಿಂದ.

ನಾನು: ಕಾರವಾರದಲ್ಲೇ ಮಾತಿಗೆ ಸಿಕ್ಕಿದಿರಲ್ಲ, ಇದು ವರ್ಗಾವಣೆಯ ಊರೇ?

ಸಾಹೇಬರು: ಹುಟ್ಟೂರು. ನನಗೆ ಒಂಬತ್ತು ಹುಟ್ಟೂರು. ಕರಾಚಿ, ಮುಂಬೈ, ಕಾರವಾರ, ಬೇಪೂರು, ಕೊಚ್ಚಿ, ನಾಗಪಟ್ಟಣಂ, ಮದ್ರಾಸು, ವಿಶಾಖಪಟ್ಟಣ, ಒಡಿಶಾದ ಫಾಲ್ಸ್ ಪಾಯಿಂಟ್. ಈ ಒಂಬತ್ತು ಕಡೆ ಭರತ ಎಷ್ಟು, ಇಳಿತ ಎಷ್ಟು ಅಂತ ಅಳೆದು, ಬರೆದು, ಸರಾಸರಿ ತೆಗೆದು ‘ಇದೇ ಸೊನ್ನೆ’ ಅಂದರು. ಒಂದು ತಕರಾರಿತ್ತು. ಪೂರ್ವದ ಸಮುದ್ರ ಪಶ್ಚಿಮದ್ದಕ್ಕಿಂತ ತುಸು ಎತ್ತರ. ಮದ್ರಾಸಿನ ಸೊನ್ನೆಯೂ ಮುಂಬೈ ಸೊನ್ನೆಯೂ ಸಮ ಅಲ್ಲ. ಕಡತದಲ್ಲಿ ಒಂಬತ್ತನ್ನೂ ಸೊನ್ನೆ ಎಂದೇ ಬರೆದು ರುಜು ಹಾಕಿದರು. ರುಜು ಬಿದ್ದ ಮೇಲೆ ಸಮುದ್ರವೂ ಒಪ್ಪಬೇಕಲ್ಲ.

ನಾನು: ಕರಾಚಿಯೂ ಸೇರಿದೆ ಅಂದಿರಿ...

ಸಾಹೇಬರು: ಮೆಲ್ಲಗೆ ಮಾತಾಡಿ ಮಾರಾಯ್ರೆ. ಹಿಮಾಲಯದ ಎತ್ತರದಲ್ಲಿ ಕರಾಚಿಗೂ ಒಂದು ಪಾಲಿದೆ ಅಂತ ಗೊತ್ತಾದರೆ ಇವತ್ತು ರಾತ್ರಿ ಒಂಬತ್ತಕ್ಕೆ ಟೀವಿಯಲ್ಲಿ ಪಂಚಾಯಿತಿ.

ನಾನು: ನೂರು ವರ್ಷ ದಾಟಿದ ಸೇವೆ. ಬಡ್ತಿ ಏನಾದರೂ?

ಸಾಹೇಬರು: ನಿಮ್ಮಲ್ಲಿ ಕಾಗದದ ಮೇಲೆ ಏರುತ್ತಾರೆ, ಆಸಾಮಿ ಕುರ್ಚಿ ಬಿಟ್ಟು ಏಳುವುದಿಲ್ಲ. ನನ್ನದು ತಿರುಗಾಮುರುಗಾ. ಫಲಕದ ಮೇಲೆ ಇವತ್ತಿಗೂ ಸೊನ್ನೆ, ನೀರಿನಲ್ಲಿ ಏರಿಕೆ. ಇಡೀ ಜಗತ್ತಿನ ಲೆಕ್ಕ ತೆಗೆದರೆ 1901ರಿಂದ 2018ರೊಳಗೆ ಸುಮಾರು 20 ಸೆಂಟಿಮೀಟರ್ ಏರಿದ್ದೇನೆ. 1971ರ ತನಕ ವರ್ಷಕ್ಕೆ 1.3 ಮಿಲಿಮೀಟರ್ ಇನ್‌ಕ್ರಿಮೆಂಟು. 2006ರಿಂದ 2018ರ ನಡುವೆ 3.7. ಹಿಂದೂ ಮಹಾಸಾಗರದ ಉತ್ತರ ಭಾಗದಲ್ಲಿ 1993ರಿಂದ 2015ರವರೆಗೆ 3.3. ಮುಷ್ಕರ ಇಲ್ಲ, ವೇತನ ಆಯೋಗ ಇಲ್ಲ.

ನಾನು: ಮೂರು ಮಿಲಿಮೀಟರೇ? ನಮ್ಮ ಅಂಗಳದ ಪಾಚಿ ಅದಕ್ಕಿಂತ ದಪ್ಪ ಇದೆ.

ಸಾಹೇಬರು: ಪಾಚಿ ಮೇಲೆ ಜಾರಿ ಬಿದ್ದವರು ಹಾಗೆ ಹೇಳುವುದಿಲ್ಲ.

ನಾನು: ಏರುವುದಾದರೂ ಯಾಕೆ?

ಸಾಹೇಬರು: ಹತ್ತಿರ ಹತ್ತಿರ ಅರ್ಧ ಪಾಲು ಬರೀ ಬಿಸಿಗೆ. ಬಿಸಿಯಾದ ನೀರಿಗೆ ಜಾಗ ಹೆಚ್ಚು ಬೇಕು. ಉಳಿದದ್ದರಲ್ಲಿ ಬಹುಪಾಲು ಬೆಟ್ಟಗಳ ಹಿಮನದಿ, ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾ ಕರಗಿ ಬಂದ ನೀರು. ಗ್ರೀನ್‌ಲ್ಯಾಂಡಿನದು ಒಂದು ಸ್ವಾರಸ್ಯ ಇದೆ, ಕೇಳಿ. ಆ ಮಂಜುಗಡ್ಡೆ ಎಷ್ಟು ಭಾರ ಅಂದರೆ ಸುತ್ತಲಿನ ಸಮುದ್ರವನ್ನು ತನ್ನ ಕಡೆಗೆ ಎಳೆದು ಹಿಡಿದುಕೊಂಡಿದೆ. ಕರಗಿದಷ್ಟೂ ಆ ಹಿಡಿತ ಸಡಿಲ. ಹಾಗಾಗಿ ಗ್ರೀನ್‌ಲ್ಯಾಂಡ್ ಕರಗಿದರೆ ಅದರ ಪಕ್ಕದಲ್ಲಿ ನೀರು ಇಳಿಯುತ್ತದೆ, ದೂರದ ನಿಮ್ಮ ಕಡೆ ಏರುತ್ತದೆ. ‘ಮಾಡಿದ್ದುಣ್ಣೋ ಮಹರಾಯ’ ಅಂತ ನಿಮ್ಮ ಗಾದೆ. ನನ್ನ ಇಲಾಖೆಯಲ್ಲಿ ಮಾಡಿದವರ ಎಲೆಯೇ ಬೇರೆ, ಉಣ್ಣುವವರ ಎಲೆಯೇ ಬೇರೆ.

ನಾನು: 2100ಕ್ಕೆ ಎಷ್ಟು ಏರುತ್ತೀರಿ? ಒಂದೇ ಒಂದು ಅಂಕಿ ಹೇಳಿ, ಶೀರ್ಷಿಕೆಗೆ ಬೇಕು.

ಸಾಹೇಬರು: ಒಂದೇ ಅಂಕಿ ಜೋಯಿಸರ ಹತ್ತಿರ ಸಿಗುತ್ತದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ, ಐಪಿಸಿಸಿಯವರು, 2021ರಲ್ಲಿ ಹೇಳಿದ್ದು ಇಷ್ಟು. 1995ರಿಂದ 2014ರ ಸರಾಸರಿಯ ಮೇಲೆ, ತೀರ ಸಂಯಮದಲ್ಲಿ ಬಾಳಿದರೆ 28ರಿಂದ 55 ಸೆಂಟಿಮೀಟರ್. ಮನಸೋ ಇಚ್ಛೆ ಸುಟ್ಟರೆ 63ರಿಂದ 101. ಮಂಜಿನ ಹಾಸುಗಳು ಅಂದಾಜು ಮೀರಿ ಕುಸಿದರೆ 2 ಮೀಟರ್ ಹತ್ತಿರ ಹೋಗುವುದನ್ನೂ ತಳ್ಳಿಹಾಕುವ ಹಾಗಿಲ್ಲವಂತೆ.

ನಾನು: ಒಂದು ಮೊಳಕ್ಕೂ ಒಂದು ಆಳಿಗೂ ಇರುವಷ್ಟು ಅಂತರ! ಇದನ್ನೇ ಹಿಡಿದು ನಮ್ಮವರು ‘ವಿಜ್ಞಾನಿಗಳಿಗೇ ನಿಕ್ಕಿ ಇಲ್ಲ, ಆಮೇಲೆ ನೋಡೋಣ’ ಅನ್ನುತ್ತಾರೆ.

ಫಲಕ ತುಸು ಅಲುಗಿತು. ಗಾಳಿ ಇತ್ತು, ನಿಜ. ಆದರೂ.

ಸಾಹೇಬರು: ಅನುಮಾನ ಯಾರ ಮೇಲೆ ಅಂತ ವಿಚಾರಿಸಿದ್ದೀರಾ? ಮಂಜಿನ ನಡತೆ ಪೂರ್ತಿ ತಿಳಿದಿಲ್ಲ, ಒಪ್ಪಿದೆ. ಆದರೆ ಆ ಅಂತರದಲ್ಲಿ ನಿಮ್ಮ ನಡತೆಯ ಅನುಮಾನದ ಪಾಲೂ ಸಣ್ಣದಲ್ಲ. ನೀವು ಎಷ್ಟು ಕಲ್ಲಿದ್ದಲು, ಎಷ್ಟು ಡೀಸೆಲ್ ಸುಡುತ್ತೀರಿ ಅಂತ ತಿಳಿಯದೆ ಪಾಪ, ಐದು ಕಥೆ ಬರೆದುಕೊಂಡಿದ್ದಾರೆ. ಹುಡುಗ ದಾರಿಗೆ ಬಂದರೆ ಹೀಗೆ, ಪೋಲಿ ಬಿದ್ದರೆ ಹಾಗೆ. ಅದೂ 2050ರ ತನಕದ ಲೆಕ್ಕಕ್ಕೆ ಐದು ಕಥೆಗೂ ದೊಡ್ಡ ವ್ಯತ್ಯಾಸ ಇಲ್ಲ, 15ರಿಂದ 30 ಸೆಂಟಿಮೀಟರಿನೊಳಗೆ ಎಲ್ಲ ಬಂತು. ಅದು ಸಾಲ ಮಾಡಿ ತಿಂದು ಮುಗಿಸಿದ ತುಪ್ಪ. ಮಗಳ ಜಾತಕ ನೋಡಿ ‘ಇಪ್ಪತ್ತೆಂಟರಿಂದ ಮೂವತ್ತೆರಡರೊಳಗೆ ಕಂಕಣಬಲ’ ಅಂದರೆ ‘ಜೋಯಿಸರಿಗೇ ನಿಕ್ಕಿ ಇಲ್ಲ’ ಅಂತ ಎದ್ದು ಬರುತ್ತೀರೋ, ಇಪ್ಪತ್ತೇಳಕ್ಕೇ ಕಲ್ಯಾಣ ಮಂಟಪಕ್ಕೆ ಮುಂಗಡ ಕೊಡುತ್ತೀರೋ?

ನಾನು: (ವಿಷಯ ಬದಲಿಸುತ್ತ) ಟೀವಿಯಲ್ಲಿ ಇಡೀ ಮಂಗಳೂರಿಗೆ ನೀಲಿ ಬಣ್ಣ ಬಳಿದು ‘ಮುಳುಗಲಿದೆ’ ಅಂದರು.

ಸಾಹೇಬರು: ಅವರಿಗೆ ಬಣ್ಣ ಅಗ್ಗ. ಬೆಂಗಳೂರಿನ ಸಿ-ಸ್ಟೆಪ್ ಸಂಸ್ಥೆ 2024ರಲ್ಲಿ ಹದಿನೈದು ಕರಾವಳಿ ಊರುಗಳ ಅಂದಾಜು ಕೊಟ್ಟಿತು. 2040ರ ಹೊತ್ತಿಗೆ ಮುಂಬೈಯಲ್ಲಿ ಶೇ. 10ಕ್ಕೂ ಹೆಚ್ಚು ನೆಲ ನೀರಿಗೆ, ಮಂಗಳೂರು, ಉಡುಪಿಯಲ್ಲಿ ಶೇ. 1ರಿಂದ 5. ಶೇಕಡಾ ಒಂದು ಅಂದ ಕೂಡಲೇ ಮುಖದಲ್ಲಿ ನಗು ಬಂತು ನೋಡಿ. ಆ ಒಂದರಲ್ಲಿ ಇರುವವರು ಪೂರ್ತಿ ನೂರಕ್ಕೆ ನೂರು ಒದ್ದೆಯಾಗುತ್ತಾರೆ.

ನಾನು: ನೆಲದ ಎತ್ತರವಾದರೂ ಸರಿಯಾಗಿ ಗೊತ್ತಿದೆಯಲ್ಲ?

ಸಾಹೇಬರು: ಅದನ್ನು ಕೇಳಬೇಡಿ, ನಗು ಬರುತ್ತದೆ. ಎಷ್ಟೋ ನಕ್ಷೆಗಳ ಬುಡ, ಅಮೆರಿಕದ ಬಾಹ್ಯಾಕಾಶ ನೌಕೆ 2000ದಲ್ಲಿ ರೇಡಾರ್ ಹಾಯಿಸಿ ತೆಗೆದ ಅಳತೆ. ಆ ರೇಡಾರಿಗೆ ಮರದ ತಲೆಯೂ ಮನೆಯ ಮಾಡೂ ನೆಲದ ಲೆಕ್ಕಕ್ಕೇ ಸೇರಿದವು. ತೆಂಗು, ಅಡಿಕೆ ದಟ್ಟವಾಗಿರುವ ನಿಮ್ಮಂಥ ಊರಿನಲ್ಲಿ ಮರ ಸೋಗೆ ಬಿಟ್ಟಷ್ಟೂ ಊರು ಎತ್ತರಕ್ಕೆ ಹೋಯಿತು! 2019ರಲ್ಲಿ ಇಬ್ಬರು ಸಂಶೋಧಕರು ಈ ತಪ್ಪನ್ನು ತಿದ್ದಿ ನೋಡಿದರು. ಜಗತ್ತಿನಲ್ಲಿ ಅಪಾಯದ ನೆಲದ ಮೇಲಿರುವವರ ಸಂಖ್ಯೆ ಸುಮಾರು ಮೂರು ಪಟ್ಟಾಯಿತು. ಸಮುದ್ರ ಒಂದು ಕೂದಲೆಳೆಯೂ ಏರಿರಲಿಲ್ಲ. ನೆಲ ಮರದಿಂದ ಇಳಿದು ತಾನಿದ್ದಲ್ಲಿಗೆ ಬಂದಿತ್ತು, ಅಷ್ಟೆ.

ನಾನು: ಹಾಗಾದರೆ ನೀವು ನಮ್ಮ ಮನೆಗೆ ಬರುವ ದಿನ ಯಾವುದು?

ಸಾಹೇಬರು: ಸರಾಸರಿ ಯಾರ ಮನೆಗೂ ಬರುವುದಿಲ್ಲ. ಬರುವುದು ಹುಣ್ಣಿಮೆ ಅಮಾವಾಸ್ಯೆಯ ಭರತ, ಅದರ ಬೆನ್ನಿಗೆ ತೂಫಾನು, ಅದರ ಹೆಗಲ ಮೇಲೆ ಅಲೆ. ನಾನು ಅವರ ಕಾಲಡಿಯ ಮಣೆ. ಅಟ್ಟದ ಬೆಲ್ಲದ ಡಬ್ಬಿ ಎಟುಕದ ಹುಡುಗನಿಗೆ ಒಂದು ಗೇಣು ಮಣೆ ಸಿಕ್ಕರೆ ಸಾಕಲ್ಲ? 2021ರ ಮೇ ತಿಂಗಳಲ್ಲಿ ತೌಕ್ತೆ ತೂಫಾನು ಬಂದಾಗ ಸೋಮೇಶ್ವರ, ಉಳ್ಳಾಲದವರು ನೋಡಿದ ಅಲೆ ಇವತ್ತಿನ ಮಣೆಯ ಮೇಲೆ ನಿಂತದ್ದು.

ಆದರೆ ಅಲೆಗೂ ಮೊದಲು ನಾನು ಸದ್ದಿಲ್ಲದೆ ಬರುವ ದಾರಿ ಒಂದಿದೆ. ಬಾವಿ. ಕಡಲಂಚಿನಲ್ಲಿ ಚಪ್ಪೆ ನೀರು ಉಪ್ಪು ನೀರಿನ ಮೇಲೆ ತೇಲುತ್ತ ಕೂತಿರುತ್ತದೆ. ಸಮುದ್ರ ಮಟ್ಟಕ್ಕಿಂತ ಮೇಲೆ ಒಂದು ಅಡಿ ಚಪ್ಪೆ ನೀರಿದ್ದರೆ ಕೆಳಗೆ ಸುಮಾರು 40 ಅಡಿ ಇರುತ್ತದೆ. ನಾನು ಕೆಳಗಿಂದ ಏರಿ, ನೀವು ಮೇಲಿಂದ ಪಂಪು ಹಚ್ಚಿ, ಆ ಒಂದು ಅಡಿಯನ್ನು ಇಬ್ಬರೂ ಸೇರಿ ತಿಂದರೆ ಕೆಳಗಿನ ನಲವತ್ತೂ ಹೋಯಿತು. ಬೆಳಿಗ್ಗೆ ಚಹಾ ಯಾಕೋ ಉಪ್ಪುಪ್ಪು ಅನ್ನಿಸಿದ ದಿನ ನಾನು ಬಂದಿದ್ದೇನೆ ಅಂತ ತಿಳಿಯಿರಿ. ಅದನ್ನು ಯಾವ ಟೀವಿಯವನೂ ನೀಲಿ ಬಣ್ಣದಲ್ಲಿ ತೋರಿಸುವುದಿಲ್ಲ.

ನಾನು: ನಿಮ್ಮನ್ನು ಸರಿಯಾಗಿ ಅಳೆದವರು ಯಾರೂ ಇಲ್ಲವೇ?

ಸಾಹೇಬರು: ಇದ್ದಾರೆ. ಕುಮಟಾ ತಾಲೂಕಿನ ಅಘನಾಶಿನಿ ದಡಕ್ಕೆ ಹೋಗಿ, ಗಜನಿ ಗದ್ದೆಯವರನ್ನು ಕೇಳಿ. ಭರತದ ನೀರಿಗೆ ಒಡ್ಡು ಕಟ್ಟಿ, ಮಳೆನೀರಿನಲ್ಲಿ ಉಪ್ಪು ತೊಳೆದು, ಕಗ್ಗ ಬಿತ್ತುವವರು. ಕಗ್ಗ ಭತ್ತ ನನ್ನ ಹಳೆಯ ಪರಿಚಯ. ಉಪ್ಪಿಗೂ ಹೆದರುವುದಿಲ್ಲ, ನಾಲ್ಕು ದಿನ ಮುಳುಗಿಸಿದರೂ ಮೂಗು ಮೇಲೆತ್ತಿ ನಿಲ್ಲುತ್ತದೆ. ಕೊಯ್ಲಾದ ಮೇಲೆ ಒಡ್ಡಿನ ಬಾಗಿಲು ತೆರೆದು ನನ್ನನ್ನು ಒಳಗೆ ಕರೆಯುತ್ತಿದ್ದರು. ಮೀನು, ಸಿಗಡಿ ನಾನು ತರುವ ಉಡುಗೊರೆ. ಅವರ ವರದಿಯಲ್ಲಿ ಸೆಂಟಿಮೀಟರ್ ಇಲ್ಲ. ಒಡ್ಡಿಗೆ ಈ ವರ್ಷ ಎಷ್ಟು ಬುಟ್ಟಿ ಮಣ್ಣು ಹೆಚ್ಚಿಗೆ ಬೇಕಾಯಿತು ಅನ್ನುವುದೇ ಅಳತೆ. ಈಗ ಎಷ್ಟೋ ಗಜನಿಯಲ್ಲಿ ಕಗ್ಗ ಹೋಗಿ ವರ್ಷವಿಡೀ ಸಿಗಡಿ ಕೃಷಿಯೇ ನಿಂತಿದೆ. ನನ್ನ ಜೊತೆ ಬಾಳುವೆ ಮಾಡಲು ಕಲಿತಿದ್ದ ಬೆಳೆ ಅದು. ಅದಕ್ಕೂ ನೀವೇ ಬೀಳ್ಕೊಡುಗೆ ಕೊಟ್ಟಿರಿ.

ನಾನು: ಸರಕಾರವೂ ಸುಮ್ಮನೆ ಕೂತಿಲ್ಲ. ವರ್ಷಾ ವರ್ಷಾ ತಡೆಗೋಡೆಗೆ ಕಲ್ಲು ಹಾಕುತ್ತಾರೆ.

ಸಾಹೇಬರು: ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವವರನ್ನು ನೀವು ಕಂಡಿದ್ದೀರಿ. ಇವರು ಕಡಲಿಗೇ ತಂದಿದ್ದಾರೆ. ಬೇಸಿಗೆಯಲ್ಲಿ ಕಡತ ಓಡಾಡಿ, ಮಳೆ ಹಿಡಿದ ಮೇಲೆ ಲಾರಿ ಬರುತ್ತದೆ. ಎಷ್ಟು ಕಲ್ಲು ಹಾಕಿದರು ಅಂತ ಎಣಿಸಲು ಯಾರು ಮುಳುಗುತ್ತಾರೆ? ಗೋಡೆ ಮುಗಿದಲ್ಲಿಂದ ಮುಂದಿನ ಮನೆಯ ಕೊರೆತ ಶುರು, ಅವರಿಗೆ ಮುಂದಿನ ವರ್ಷದ ಟೆಂಡರ್. ಒಂದು ಮಾತು ಮಾತ್ರ ದಾಖಲಾಗಲಿ: ಈಗಿನ ಕೊರೆತವನ್ನೆಲ್ಲ ನನ್ನ ತಲೆಗೆ ಕಟ್ಟಬೇಡಿ. ಮರಳು ತರುವ ಹೊಳೆಗಳಿಗೆ ಅಣೆಕಟ್ಟು ಕಟ್ಟಿದಿರಿ, ಬಂದಷ್ಟು ಮರಳನ್ನು ಅಳಿವೆಯಲ್ಲೇ ಬಾಚಿದಿರಿ, ದಡದುದ್ದಕ್ಕೂ ಸಾಗುವುದನ್ನು ಬಂದರಿನ ಅಲೆತಡೆ ಹಾಕಿ ನಿಲ್ಲಿಸಿದಿರಿ. ನಾನಿನ್ನೂ ಸರಿಯಾಗಿ ಕೈ ಹಾಕಿಲ್ಲ.

ನಾನು: ಕಾನೂನಿದೆಯಲ್ಲ, ಕರಾವಳಿ ನಿಯಂತ್ರಣ ವಲಯದ್ದು, ಸಿಆರ್‌ಝಡ್?

ಸಾಹೇಬರು: ಇದೆ, ಇದೆ. 2019ರ ಜನವರಿಯಲ್ಲಿ ಹೊಸ ಅಧಿಸೂಚನೆ ಬಂತು. ನಾನು ಮುಂದೆ ಬರುತ್ತಿದ್ದೇನೆ ಅಂತ ಗೊತ್ತಾಗಿ, ಜನದಟ್ಟಣೆಯ ಹಳ್ಳಿಗಳಲ್ಲಿ ಭರತದ ಗೆರೆಯಿಂದ 200 ಮೀಟರ್ ಇದ್ದ ಮನೆ ಕಟ್ಟಬಾರದ ಪಟ್ಟಿಯನ್ನು 50 ಮೀಟರಿಗೆ ಇಳಿಸಿದರು. ಬರುವ ಅತಿಥಿಗೆ ನಡೆಯುವ ಶ್ರಮ ಕಡಿಮೆಯಾಗಲಿ ಅಂತ ಇರಬೇಕು. ನನ್ನ ಏರಿಕೆಯನ್ನೂ ಲೆಕ್ಕ ಹಿಡಿದು ಸರ್ವೆ ಆಫ್ ಇಂಡಿಯಾದವರು, ನನ್ನ ಮಾತೃಸಂಸ್ಥೆ, ದೇಶದ ದಡದುದ್ದಕ್ಕೂ ‘ಅಪಾಯದ ಗೆರೆ’ ಎಳೆದುಕೊಟ್ಟರು. ಅದೇ ಅಧಿಸೂಚನೆಯ ಪ್ರಕಾರ ಅದು ವಿಪತ್ತು ನಿರ್ವಹಣೆಯ ಸಾಧನ. ಅಂದರೆ ಮನೆ ಕಟ್ಟಿಕೊಳ್ಳಲು ಆ ಗೆರೆಯೊಂದೇ ಅಡ್ಡಿಯಲ್ಲ. ಮುಳುಗಿದ ಮೇಲೆ ದೋಣಿ ತರುವವರಿಗೆ ವಿಳಾಸ ಹುಡುಕುವುದು ಸುಲಭ.

ದೂರದಲ್ಲಿ ರೈಲಿನ ಕೂಗು ಕೇಳಿತು. ನಾನು ಪುಸ್ತಕ ಮುಚ್ಚಿ, ಅತ್ತಿತ್ತ ನೋಡಿ, ಫಲಕದ ಹತ್ತಿರ ಸರಿದೆ.

ನಾನು: ಸಾಹೇಬರೆ, ಇದು ಸಂದರ್ಶನಕ್ಕಲ್ಲ. ಅಳಿವೆ ಬದಿಗೆ ನಮ್ಮದೊಂದು ಐದು ಗುಂಟೆ ಜಾಗ ಇದೆ, ಪಿತ್ರಾರ್ಜಿತ. ಮಾರಿಬಿಡೋಣ ಅಂತ...

ಸಾಹೇಬರು: ಕೊಳ್ಳುವವರು ಯಾವ ಕಡೆಯವರು?

ನಾನು: ಬೆಂಗಳೂರಿನವರು. ಹೋಮ್‌ಸ್ಟೇ ಮಾಡುತ್ತಾರಂತೆ.

ಸಾಹೇಬರು: ನನ್ನಿಂದ ಒಂಬೈನೂರು ಮೀಟರ್ ಮೇಲೆ ಕೂತವರು. ಏನು ಕೇಳುತ್ತಿದ್ದಾರೆ?

ನಾನು: ಒಂದೇ ಪ್ರಶ್ನೆ. ಕೋಣೆಯಿಂದ ಸಮುದ್ರ ಕಾಣುತ್ತದೆಯೇ ಅಂತ. ಕಾಣುವುದಿಲ್ಲ, ನಡುವೆ ಪಕ್ಕದವರ ತೆಂಗಿನ ತೋಟ ಅಡ್ಡ ಇದೆ.

ಸಾಹೇಬರು: ಕಾಣುತ್ತದೆ ಅಂತಲೇ ಕರಾರಿನಲ್ಲಿ ಬರೆದುಕೊಡಿ.

ನಾನು: ತೋಟ?

ಸಾಹೇಬರು: ಅದನ್ನು ನನಗೆ ಬಿಡಿ.