ವೀಸಾವಳಿ

(ಜಯನಗರದ ಮನೆ. ಹೆಣ್ಣಿನ ತಂದೆ ರಾಯರು. ಸಂಬಂಧ ತಂದ ಶಾಸ್ತ್ರಿಗಳು. ಜಾತಕ ಇನ್ನೂ ಚೀಲದಲ್ಲೇ ಇದೆ.)

ರಾಯರು: ಜಾತಕ ಆಮೇಲೆ. ಹುಡುಗನ ವೀಸಾ ಯಾವುದು?

ಶಾಸ್ತ್ರಿ: ಎಚ್1ಬಿ ಆಗುತ್ತೆ ರಾಯರೇ. ಸದ್ಯ ದೇಹ ವೈಟ್‌ಫೀಲ್ಡಲ್ಲಿ, ಮನಸ್ಸು ಟೆಕ್ಸಾಸಲ್ಲಿ.

ರಾಯರು: ಅಂದ್ರೆ ಹೊಸ ಅರ್ಜಿ! 2025ರ ಸೆಪ್ಟೆಂಬರ್ 19ಕ್ಕೆ ಟ್ರಂಪ್ ಸಹಿ ಹಾಕಿದ್ರಲ್ಲ, ಆ ಲಕ್ಷ ಡಾಲರ್ ಶುಲ್ಕ ಯಾರು ಕಟ್ತಾರೆ?

ಶಾಸ್ತ್ರಿ: ಕಂಪನಿ. ಯೋಚನೆ ಮಾಡ್ತಿದೆಯಂತೆ.

ರಾಯರು: ಮೊದಲು ವರ್ಷಾವರ್ಷಾ ಅಂದ್ರು, ಮಾರನೇ ದಿನ ಒಂದೇ ಸಲ ಅಂದ್ರು. ವಿಮಾನ ಹತ್ತಿದೋರೂ ಇಳಿದುಬಿಟ್ರು.

ಶಾಸ್ತ್ರಿ: ನಮ್ಮ ರಾಹುಕಾಲಕ್ಕಾದರೂ ವೇಳಾಪಟ್ಟಿ ಇದೆ ಬಿಡಿ.

ರಾಯರು: ಲಾಟರಿ ಬೇರೆ. ವರ್ಷಕ್ಕೆ ಇರೋದು 85,000 ವೀಸಾ. ಈಗ ಸಂಬಳ ಜಾಸ್ತಿ ಇದ್ದೋರ ಚೀಟಿ ನಾಲ್ಕು ಸಲ ಹಾಕ್ತಾರಂತೆ.

ಶಾಸ್ತ್ರಿ: ಎಲ್1ಗೆ ಲಾಟರಿ ಇಲ್ಲ. ಆದ್ರೆ ಒಂದೇ ಕಂಪನೀಲಿ ಇಲ್ಲಿ ಒಂದು ವರ್ಷ ದುಡಿದಿರಬೇಕು.

ರಾಯರು: ದುಡಿದಿದಾನಾ?

ಶಾಸ್ತ್ರಿ: ಹನ್ನೊಂದನೇ ತಿಂಗಳಿಗೆ ಕಂಪನಿ ಬದಲಾಯಿಸೋ ಅಭ್ಯಾಸ.

ರಾಯರು: ಓ1?

ಶಾಸ್ತ್ರಿ: ಅಸಾಧಾರಣ ಪ್ರತಿಭೆ ಬೇಕು. ಅವರಮ್ಮ ಬರೆದುಕೊಡ್ತಾರೆ.

(ಅಮೆರಿಕದ ಅಧಿಕಾರಿಗಳು ಅಮ್ಮಂದಿರ ಸಾಕ್ಷ್ಯ ಒಪ್ಪೋದಿಲ್ಲ, ಅಲ್ಲೇ ಆ ದೇಶದ ದೌರ್ಬಲ್ಯ.)

ರಾಯರು: ನನ್ನ ಮಗಳು ಎಂ.ಟೆಕ್. ಎಚ್4ರಲ್ಲಿ ಹೋದ್ರೆ, ಗಂಡನ ಗ್ರೀನ್‌ಕಾರ್ಡ್ ಅರ್ಜಿ ಒಂದು ಹಂತ ದಾಟೋವರೆಗೂ ಅವಳು ಕೆಲಸ ಮಾಡೋ ಹಾಗಿಲ್ಲ. ಸಾರು ಮಾಡೋಕೆ ಮಾತ್ರ ಪರವಾನಗಿ ಬೇಡ.

ಶಾಸ್ತ್ರಿ: ಹಾಗಾದ್ರೆ ಜರ್ಮನಿ! ಅಂಕ ಎಣಿಸಿ, ಒಂದು ವರ್ಷ ಕೆಲಸ ಹುಡುಕ್ಕೋ ಅಂತ ಬಿಡ್ತಾರೆ. ನಮ್ಮ ಸಾಲಾವಳಿಗೆ ಹದಿನೆಂಟು ಗುಣ ಬೇಕು, ಅವರಿಗೆ ಆರೇ ಸಾಕು.

ರಾಯರು: ಆ ಆರು ನಮ್ಮ ಹುಡುಗಿ ಹತ್ರ ಆಗಲೇ ಇದೆ. ಹುಡುಗನ ಹತ್ರ ಎಷ್ಟಿದೆ, ಕೇಳ್ಕೊಂಡು ಬನ್ನಿ.